ಎರಡನೇ ಪೆಡಲು

ಹಳೆಯ ವಾದ್ಯಗೋಷ್ಠಿಯ ಗೆಳೆಯ ಶಶಿಕುಮಾರನ ಫೋನು ಬಂದಾಗ ಪಾಲಾಕ್ಷ ಗಿರಾಕಿಯೊಬ್ಬನಿಗೆ ಬಲ್ಬು ಉರಿಸಿ ತೋರಿಸುತ್ತಿದ್ದ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದೊಂದು ಎಲೆಕ್ಟ್ರಿಕಲ್ ಅಂಗಡಿ, ಅದರ ಮೇಲೇ ಮನೆ. ಫೋನನ್ನು ಕಿವಿಗಿಟ್ಟುಕೊಂಡವನು ಹಾಗೇ ನಿಂತುಬಿಟ್ಟ. ಬಲ್ಬು ಉರಿಯುತ್ತಲೇ ಇತ್ತು. ಗಿರಾಕಿ ತಾನೇ ಕೈಚಾಚಿ ಸ್ವಿಚ್ಚು ಆರಿಸಿದ ಮೇಲೆ ಪಾಲಾಕ್ಷನಿಗೆ ಎಚ್ಚರವಾಗಿ, ಮಹಡಿಯ ಮೆಟ್ಟಿಲ ಕಡೆ ಮುಖಮಾಡಿ ಮಗಳನ್ನು ಕರೆದ.

ಅವನು ಕರೆಯುವುದೇ ಒಂದು ಥರ. 'ದಿವ್' ಎಂಬುದನ್ನು ಕೆಳಗಿಟ್ಟು, 'ಯಾ' ಎಂಬುದನ್ನು ಎಳೆದೆಳೆದು ಮೇಲಕ್ಕೊಯ್ಯುತ್ತಿದ್ದ. ಎದುರು ಬೇಕರಿಯವರು ಬನ್ನು ಕೊಡುವಾಗಲೂ ಹಾಗೆಯೇ ಕರೆದು ಅಣಕಿಸುತ್ತಿದ್ದರು. ಹೈಸ್ಕೂಲಿನಲ್ಲಿದ್ದಾಗ ದಿವ್ಯಾ ಒಮ್ಮೆ ಅತ್ತೂ ಬಿಟ್ಟಿದ್ದಳು. "ಎಲ್ಲರ ಥರ ಸುಮ್ನೆ ಕರೀಬಾರ್ದಾ ಅಪ್ಪ?" ಎಂದರೆ, "ಸುಮ್ನೇ ತಾನೆ ಕರೀತಿರೋದು?" ಎಂದು ಅವನು ಕಕ್ಕಾಬಿಕ್ಕಿಯಾಗಿದ್ದ. ಈಗ ಡಿಗ್ರಿ ಮುಗಿಸಿ ಅಂಗಡಿಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಮಗಳು ಆ ಕರೆಗೆ ಒಗ್ಗಿಹೋಗಿದ್ದಳು. ಎರಡನೇ ಸಲ ಕರೆಯುವಷ್ಟರಲ್ಲಿ ಇಳಿದು ಬಂದುಬಿಡುತ್ತಿದ್ದಳು, ಅಷ್ಟೆ.

"ಅರಕಲಗೂಡಲ್ಲಿ ಗಿಟಾರು ಸಿಕ್ಕೈತಂತೆ," ಎಂದ ಪಾಲಾಕ್ಷ.

ಯಾವ ಗಿಟಾರು ಎಂದು ದಿವ್ಯಾ ಕೇಳಲಿಲ್ಲ. ಆ ಮನೆಯಲ್ಲಿ ಗಿಟಾರು ಎಂದರೆ ಒಂದೇ.

"ಟೈಲರ್ ಕಮಲಾಕ್ಷಮ್ಮನ ಅಂಗಡಿ ಒಡೀತಾರಂತೆ, ರೋಡು ಅಗಲ ಮಾಡೋಕೆ. ಅಟ್ಟ ಖಾಲಿ ಮಾಡೋವಾಗ ಸಿಕ್ತಂತೆ. ಶಶಿ ಬಾ ಅಂತಾನೆ. ಹೋಗಿ ಏನ್ ಮಾಡೋದು? ಹಳೇ ಹಲಗೆ."

"ಹೋಗೋಣಪ್ಪ," ಎಂದಳು ದಿವ್ಯಾ.

ಅವಳು ಏನನ್ನೂ ಬೇಕು ಎಂದು ಕೇಳುವವಳಲ್ಲ. ಪಾಲಾಕ್ಷ ಮಗಳ ಮುಖವನ್ನು ನೋಡಿ, ಮತ್ತೆ ಹಲಗೆ ಗಿಲಗೆ ಎನ್ನಲಿಲ್ಲ.

ಮಾತಾಡಿದರೆ ಹಗುರಾಗಿಬಿಡುತ್ತದೇನೋ ಎಂದು ದಿವ್ಯಾ ಒಳಗೇ ಇಟ್ಟುಕೊಂಡಿದ್ದ ಸಂಗತಿ ಒಂದಿತ್ತು. ಅವಳಿಗೆ ತನ್ನ ತಾಯಿಯ ದನಿ ಗೊತ್ತಿಲ್ಲ. ಗಂಗಾಂಬಿಕೆ ವಾದ್ಯಗೋಷ್ಠಿಯಲ್ಲಿ ಹಾಡುತ್ತಿದ್ದವಳು. ಹಾಸನ ಜಿಲ್ಲೆಯ ಮದುವೆ ಮನೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಅವಳ ದನಿ ಕೇಳದವರಿಲ್ಲ ಎನ್ನುತ್ತಾರೆ. ಕಾಮಾಲೆಯಾಗಿ ಅವಳು ತೀರಿಕೊಂಡಾಗ ದಿವ್ಯಾ ಇನ್ನೂ ತೊದಲುವ ಕೂಸು. ಶೋಕೇಸಿನಲ್ಲಿ ಇರುವ ಫೋಟೋಗಳಲ್ಲೆಲ್ಲ ಅಮ್ಮನ ಬಾಯಿ ತೆರೆದಿದೆ, ಕೈಯಲ್ಲಿ ಮೈಕಿದೆ. ನೋಡುತ್ತ ನಿಂತರೆ ಯಾರೋ ಟಿವಿಯ ಸೌಂಡು ಪೂರ್ತಿ ಕಡಿಮೆ ಮಾಡಿ ಹೋದಂತೆ. ಬಾಗೂರಿನ ಮದುವೆಯೊಂದರಲ್ಲಿ ಯಾರೋ ಕ್ಯಾಸೆಟ್ ಮಾಡಿಕೊಂಡಿದ್ದರು ಎಂದು ತಿಳಿದು ಪಾಲಾಕ್ಷ ಹುಡುಕಿಕೊಂಡು ಹೋಗಿದ್ದನಂತೆ. ಆ ಮನೆಯವರು ಅದರ ಮೇಲೆಯೇ ಹರಿಕಥೆ ತುಂಬಿಸಿಕೊಂಡಿದ್ದರು.

ಹೀಗಿರುವಾಗ ಹೋದ ವರ್ಷ ಒಂದು ಮದುವೆಯ ಊಟದ ಸಾಲಿನಲ್ಲಿ ಶಶಿಕುಮಾರ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳಿದ್ದ: "ನಿಮ್ಮಪ್ಪನ ಪೆಡಲ್ ಗಿಟಾರು ಇತ್ತಲ್ಲ ದಿವ್ಯಾ, ಅದರ ಎರಡನೇ ಪೆಡಲು ನಿಮ್ಮಮ್ಮನ ಗಂಟಲಿಗೇ ಕಟ್ಟಿದ್ದು. ತುಳಿದ್ರೆ ಗಂಗಕ್ಕನೇ ರಾಗ ಎಳೆದಂಗೆ." ಹೇಳಿ ಅವನು ಒಬ್ಬಟ್ಟು ತಿಂದ. ದಿವ್ಯಾ ಆ ದಿನ ಊಟ ಮಾಡಲಿಲ್ಲ.

ಭಾನುವಾರ ಅಂಗಡಿಗೆ ಬೀಗ ಹಾಕಿ ಅಪ್ಪ ಮಗಳು ಕಾರಿನಲ್ಲಿ ಹೊರಟರು. ಹೊಳೆನರಸೀಪುರದಲ್ಲಿ ದ್ಯಾವಯ್ಯನನ್ನು ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ಆ ಗಿಟಾರನ್ನು ಮಾಡಿದವನೇ ಅವನು. ಸೈಕಲ್ ಅಂಗಡಿಯ ದ್ಯಾವಯ್ಯ ವಾದ್ಯಗೋಷ್ಠಿಯಲ್ಲಿ ಖಂಜಿರವನ್ನೂ ಬಾರಿಸುತ್ತಿದ್ದ, ಕರೆಂಟು ಹೋದಾಗ ಜೋಕುಗಳನ್ನೂ ಹೇಳುತ್ತಿದ್ದ. ಈಗ ಎಪ್ಪತ್ತು ದಾಟಿದೆ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದಾನೆ. ಸ್ಪ್ಯಾನರುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತವನು ಹೇಮಾವತಿಯ ಸೇತುವೆ ದಾಟುವ ಮೊದಲೇ ಶುರುಮಾಡಿದ.

"ನಿಮ್ಮಪ್ಪ ಇದ್ನಲ್ಲ ಕಣವ್ವ, ಒಂದಿನ ಒಂದು ಇಂಗ್ಲಿಸ್ ಪುಸ್ತಕದ ಹಾಳೆ ಹಿಡ್ಕಂಡು ಬಂದ. ಹಾಸನದಲ್ಲಿ ಕಡ್ಲೆಕಾಯಿ ಕಟ್ಟಿಕೊಟ್ಟಿದ್ರಂತೆ ಅದ್ರಾಗೆ. ಒಬ್ಬ ಬಿಳೀ ಮನ್ಸ ಟೇಬಲ್ ಮುಂದೆ ಕುಂತವ್ನೆ, ಟೇಬಲ್ ಮ್ಯಾಲೆ ತಂತಿ, ಕೆಳಗೆ ಪೆಡಲು. ದ್ಯಾವಣ್ಣ, ಇಂತದ್ದು ನಂಗೊಂದು ಮಾಡ್ಕೊಡು ಅಂದ. ಏನಪ್ಪಾ ಇದು, ಅಂದ್ರೆ, ಪೆಡಲ್ ಸ್ಟೀಲ್ ಗಿಟಾರು ಅಂದ. ಹೆಂಗೆ ಕೇಳ್ತದೆ ಅಂದ್ರೆ, ಗೊತ್ತಿಲ್ಲ ಅಂದ."

"ಗೊತ್ತಿರಲಿಲ್ಲ ಮತ್ತೆ," ಎಂದ ಪಾಲಾಕ್ಷ ಸ್ಟೇರಿಂಗು ಹಿಡಿದು. "ಅಲ್ಲೀವರೆಗೆ ತೊಡೆ ಮೇಲೆ ಇಟ್ಕೊಂಡು ನುಡಿಸೋ ಸ್ಟೀಲ್ ಗಿಟಾರು ಅಷ್ಟೇ ನಾನು ಕಂಡಿದ್ದು."

"ನಾನೇನ್ ತಿಳ್ಕಂಡೆ? ನಾಟಕದ ಕಾಲ್‌ಪೆಟ್ಟಿಗೆ ಹಾರ್ಮೋನಿಯಂ ಇಲ್ವಾ, ತುಳಿದು ಗಾಳಿ ಹಾಕ್ತಾರಲ್ಲ, ಅಂತದ್ದೇ ಇರ್ಬೇಕು ಅಂತ. ಲಾರಿ ಟ್ಯೂಬ್ ಕುಯ್ದು ತಿದಿ ಹೊಲ್ದೆ. ತುಳಿದೇ ತುಳಿದ ನಿಮ್ಮಪ್ಪ. ಬುಸ್ ಅಂತ ಗಾಳಿ ಬಂತೇ ಹೊರ್ತು ತಂತಿ ಅಲ್ಲಾಡ್ನಿಲ್ಲ. ಅವನ ಪಂಚೆ ಮಾತ್ರ ಹಾರಾಡ್ತು."

ಪಾಲಾಕ್ಷ ನಕ್ಕ. ಅಪ್ಪ ಹೀಗೆ ಹೆಗಲು ಕುಣಿಸಿ ನಗುವುದನ್ನು ದಿವ್ಯಾ ನೋಡಿ ಬಹಳ ಕಾಲವಾಗಿತ್ತು. ಅವಳು ಕಿಟಕಿಯ ಕಡೆ ತಿರುಗಿಕೊಂಡು, ಅವರ ಮಾತು ನಿಲ್ಲದಿರಲಿ ಎಂದು ಉಸಿರನ್ನೂ ಮೆಲ್ಲಗೆ ಬಿಟ್ಟಳು.

ಪೆಡಲಿನ ಕೆಲಸ ಗಾಳಿ ಹಾಕುವುದಲ್ಲ, ತಂತಿಯನ್ನು ಜಗ್ಗುವುದು ಎಂದು ಹೊಳೆದದ್ದು ಸೈಕಲ್ಲಿಗೆ ಬ್ರೇಕ್ ಹಾಕುವಾಗ. ಹಲಸಿನ ಹಲಗೆ, ಅದರ ಮೇಲೆ ತಂತಿಗಳು. ಕೂರಿಸಲು ಕಮಲಾಕ್ಷಮ್ಮನ ಹೊಲಿಗೆ ಯಂತ್ರದ ಎರಕದ ಸ್ಟ್ಯಾಂಡು. ಆಕೆ ಆಗ ಮೋಟಾರಿನ ಯಂತ್ರ ತಂದಿದ್ದರಿಂದ ಅದು ಬಿಡುವಾಗಿತ್ತು. ಕೆಳಗೆ ಒಂದು ಕಬ್ಬಿಣದ ಪಟ್ಟಿಗೆ ಎರಡು ಸೈಕಲ್ ಪೆಡಲು. ಪೆಡಲು ತುಳಿದರೆ ಬ್ರೇಕಿನ ವೈರು ತಂತಿಯನ್ನು ಎಳೆಯುತ್ತದೆ, ಸ್ವರ ಮೇಲೇರುತ್ತದೆ. ಎಲ್ಲಿಗೆ ಏರಿ ನಿಲ್ಲಬೇಕು ಎಂಬುದನ್ನು ಪೆಡಲಿನ ಕೆಳಗಿನ ಒಂದು ಬೋಲ್ಟು ತೀರ್ಮಾನಿಸುತ್ತದೆ. ಬೋಲ್ಟು ತಿರುಗಿಸಿ ಎತ್ತರಿಸಿದರೆ ಸ್ವರ ಬೇಗ ನಿಲ್ಲುತ್ತದೆ, ತಗ್ಗಿಸಿದರೆ ಇನ್ನೂ ಏರುತ್ತದೆ.

"ಮೊದಲ್ನೇ ಪೆಡಲು ಹಾರ್ಮೋನಿಯಂಗೆ ಸರಿ ಮಾಡ್ಕಂಡೊ," ಎಂದ ದ್ಯಾವಯ್ಯ. "ಎರಡನೇದು ಕಟ್ಟೋ ದಿನ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ತಗಂಡು ಮೊಸಳೆ ಅನ್ನೋ ಊರಿಗೆ ನಾಟಕಕ್ಕೆ ಓಗಿದ್ರು. ನಿಮ್ಮಪ್ಪಂಗೆ ತಡೀನಿಲ್ಲ. ನಿಮ್ಮವ್ವ ಅಲ್ಲೇ ಸ್ಟೂಲ್ ಮ್ಯಾಲೆ ಕುಂತಿದ್ಲು, ಆಗಿನ್ನೂ ಮದ್ವೆ ಇಲ್ಲ ಏನಿಲ್ಲ. ನೀನೇ ಒಂದು ಸಲ ಎಳಿ ಗಂಗಾ, ಅಂದ. ಅವ್ಳು ಎಳುದ್ಲು, ನಾನು ಬೋಲ್ಟ್ ತಿರುಗ್ಸಿದೆ. ಎರಡೂ ಒಂದೇ ಆದಾಗ ನಟ್ಟು ಬಿಗುದ್ಬುಟ್ಟೆ."

"ಅವಳು ಯಾವತ್ತೂ ಮೇಲಿನ ಸ್ವರವನ್ನ ಪೂರ್ತಿ ಮುಟ್ತಿರ್ಲಿಲ್ಲ," ಎಂದ ಪಾಲಾಕ್ಷ. "ಹತ್ತಿರಕ್ಕೆ ಹೋಗಿ ನಿಂತುಬಿಡೋಳು. ಕೇಳೋರು ತಾವೇ ಮುಟ್ಟಿಸ್ಕೋಬೇಕು."

"ಮೇಷ್ಟ್ರು ವಾಪಸ್ ಬಂದು ಕೇಳಿ ಕೆಂಡ ಆದ್ರು. ಇದು ನನ್ನ ಪೆಟ್ಟಿಗೆಯ ಯಾವ ಸ್ವರದ ಮನೆಗೂ ಸೇರಲ್ಲ, ತಗ್ಗೈತೆ, ಬಿಚ್ಚು ಅಂದ್ರು. ನಿಮ್ಮಪ್ಪ, ಪೆಟ್ಟಿಗೆ ಬೇಕಾದ್ರೆ ಸರಿ ಮಾಡ್ಕಳಿ ಅಂದ. ಅವತ್ತು ಎದ್ದೋದ ಮೇಷ್ಟ್ರು ತಿರ್ಗಾ ಬರ್ನಿಲ್ಲ."

ಅರಕಲಗೂಡಿನ ಪೇಟೆಬೀದಿಯಲ್ಲಿ ಶಶಿಕುಮಾರನ ಲಗೇಜ್ ಆಟೋ ಆಗಲೇ ನಿಂತಿತ್ತು. ತಬಲಾ ಬಾರಿಸುತ್ತಿದ್ದ ಶಶಿಕುಮಾರ ಈಗ ಹಾಸನದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾನೆ. ಒಂದು ಆಂಪ್ಲಿಫೈಯರು, ಸ್ಪೀಕರು, ಹೊಸ ತಂತಿಗಳನ್ನು ತಂದಿದ್ದ. ಅಂಗಡಿಯ ಗೋಡೆಗೆ ಕೆಂಪು ಬಣ್ಣದಲ್ಲಿ ಗೀಟು ಎಳೆದಿದ್ದರು, ಅಲ್ಲಿಯವರೆಗೆ ಒಡೆಯುತ್ತಾರೆ. ಗೀಟಿನ ಈಚೆಗೆ ಕೂತು ಕಮಲಾಕ್ಷಮ್ಮ ಇನ್ನೂ ರವಿಕೆ ಹೊಲಿಯುತ್ತಿದ್ದರು, ಅದೇ ಎರಕದ ಸ್ಟ್ಯಾಂಡಿನ ಮೇಲೆ. ವಾದ್ಯಗೋಷ್ಠಿ ಮುರಿದ ಮೇಲೆ ಕರೆಂಟಿನ ಕಾಟಕ್ಕೆ ಆಕೆ ಸ್ಟ್ಯಾಂಡನ್ನು ವಾಪಸು ಪಡೆದು, ಹಲಗೆಯನ್ನೂ ಪೆಡಲಿನ ಪಟ್ಟಿಯನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿಸಿ, ಮರೆತೇಬಿಟ್ಟಿದ್ದರು.

"ತಡೀರಿ, ಈ ತೋಳು ಕೂಡಿಸಿಬಿಡ್ತೀನಿ, ಮದ್ವೆ ಮನೇದು," ಎಂದರು ಕಮಲಾಕ್ಷಮ್ಮ. "ಆಮೇಲೆ ಮಿಷಿನ್ ಇಳಿಸ್ಕಳಿ, ಕೊಕ್ಕೆ ಕೈಲೇ ಹಾಕ್ತೀನಿ."

ಹಲಗೆ ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ನೆಲದ ಮೇಲಿತ್ತು. ಪಾಲಾಕ್ಷ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಸೀರೆಯನ್ನು ಸರಿಸಿದ. ಆಕಾಶ ನೀಲಿ ಬಣ್ಣ ಅಲ್ಲಲ್ಲಿ ಉಳಿದಿತ್ತು.

"ಹಸಿರು ಅಲ್ವಾ ಇದ್ದಿದ್ದು?" ಎಂದ ಶಶಿಕುಮಾರ.

"ನಿನ್ನ ಕಣ್ಣೇ ಅಂಗೆ ಕಣ್ಲಾ, ಹಸ್ರು ಸೀರೆ ಹುಡುಗೀರ್ನೇ ನೋಡ್ತಾ ಬಾರುಸ್ತಿದ್ದೆ," ಎಂದ ದ್ಯಾವಯ್ಯ.

"ಮೊದಲು ನುಡಿಸಿದ್ದು ಜಿನನಾಥಪುರದ ಗೃಹಪ್ರವೇಶದಲ್ಲಿ, ಅದಾದ್ರೂ ನೆನಪಿದೆ," ಎಂದ ಶಶಿಕುಮಾರ.

"ಅದಲ್ಲ, ಇಲ್ಲೇ ಅರಕಲಗೂಡಲ್ಲಿ, ಗಣಪತಿಗೆ," ಎಂದ ಪಾಲಾಕ್ಷ.

"ಗಣಪತಿಲಿ ಪೆಡಲು ಕಿತ್ತುಹೋಯ್ತು, ಅದು ಆಮೇಲೆ."

ಮೂವರಿಗೂ ಮೂರು ಬಗೆಯ ನೆನಪು. ಅಮ್ಮ ಹಾಡುವಾಗ ಎಡಗೈಯಲ್ಲಿ ಮೈಕು ಹಿಡಿಯುತ್ತಿದ್ದಳೋ ಬಲಗೈಯಲ್ಲೋ ಎಂಬುದಕ್ಕೂ ಒಂದೊಂದು ಮಾತು. ದಿವ್ಯಾಳಿಗೆ ಅದು ಗೊತ್ತಿತ್ತು, ಫೋಟೋದಲ್ಲಿದೆ, ಎಡಗೈ. ಆದರೆ ಹೇಳಲಿಲ್ಲ. ಅವರಿಗೆ ನೆನಪಿರುವುದು ತನಗೆ ಗೊತ್ತಿಲ್ಲ, ತನಗೆ ಗೊತ್ತಿರುವುದು ಫೋಟೋ ಮಾತ್ರ.

ಯಂತ್ರ ಇಳಿಸಿ ಹಲಗೆ ಕೂರಿಸಿದರು. ದ್ಯಾವಯ್ಯ ಪೆಡಲಿನ ಪಟ್ಟಿಯನ್ನು ಒರೆಸಿ ಬಿಗಿದ, ಹೊಸ ಬ್ರೇಕ್ ವೈರು ಕಟ್ಟಿದ. ಎರಡನೇ ಪೆಡಲಿನ ಕೆಳಗೆ ಆ ಬೋಲ್ಟು, ಅದರ ನಟ್ಟು, ಬಿಗಿದಲ್ಲೇ ಬಿಗಿದಂತೆ ಇತ್ತು. ದಿವ್ಯಾ ಬಗ್ಗಿ ಅದನ್ನು ನೋಡಿದಳು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮುಟ್ಟಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಶಶಿಕುಮಾರ ತಂತಿ ಕಟ್ಟತೊಡಗಿದ. ಪಾಲಾಕ್ಷ ನಿಂತಲ್ಲಿ ನಿಲ್ಲಲಾರದೆ, "ಕಾಫಿ ತರ್ತೀನಿ," ಎಂದು ಹೊರಟ. ಅಪ್ಪ ಬರಿಗೈಯಲ್ಲಿ ಹೋದದ್ದನ್ನು ಕಂಡು ದಿವ್ಯಾಳೂ ಫ್ಲಾಸ್ಕು ಹಿಡಿದು ಹಿಂದೆ ಹೋದಳು. ಪೆಡಲಿನ ಪಟ್ಟಿಗೆ ಒಂದು ವಾಷರ್ ಬೇಕೆಂದು ದ್ಯಾವಯ್ಯನೂ ಪಕ್ಕದ ಅಂಗಡಿಗೆ ಕುಂಟಿದ.

ವಾಪಸು ಬಂದಾಗ ಶಶಿಕುಮಾರನ ಮುಖ ಅರಳಿತ್ತು. "ಎಲ್ಲಾ ರೆಡಿ. ಮೊಬೈಲಲ್ಲಿ ಟ್ಯೂನರ್ ಇದೆ ನೋಡು, ಸರಿಯಾಗಿದ್ರೆ ಹಸಿರು ಲೈಟ್ ಬರುತ್ತೆ. ಕೂತ್ಕೊ."

ಪಾಲಾಕ್ಷ ಸ್ಟೂಲಿನ ಮೇಲೆ ಕೂತ. ಎಡಗೈಯಲ್ಲಿ ಉಕ್ಕಿನ ರಾಡು ಹಿಡಿದು ತಂತಿಯ ಮೇಲೆ ಇಟ್ಟ. ಮೀಟಿ ಮೊದಲನೇ ಪೆಡಲು ತುಳಿದ. ಸ್ವರ ಜಾರಿ ಮೇಲೆ ಹೋಯಿತು. "ಅದೇ ಕಣಪ್ಪ," ಎಂದರು ಕಮಲಾಕ್ಷಮ್ಮ ಸೂಜಿಯಿಂದ ಕಣ್ಣೆತ್ತಿ. ದಿವ್ಯಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಈಗ ಎರಡನೆಯದು.

ಮೀಟಿದ. ತುಳಿದ. ಸ್ವರ ಏರಿತು, ಅಚ್ಚುಕಟ್ಟಾಗಿ ಮೇಲಿನ ಸ್ವರದ ಮನೆಗೆ ಹೋಗಿ ಕೂತಿತು. ಪಾಲಾಕ್ಷ ಕಾಲು ತೆಗೆದು, ಮತ್ತೆ ತುಳಿದ. ಮತ್ತೆ ಹಾಗೇ.

"ಶಶಿ, ಬೋಲ್ಟು ಮುಟ್ಟಿದ್ಯಾ?"

"ಸ್ವರ ಸ್ವಲ್ಪ ತಗ್ಗಿತ್ತು ಕಣೋ, ಲೈಟು ಕೆಂಪಿಂದ ಹಸಿರಿಗೆ ಬರ್ತಾನೇ ಇರಲಿಲ್ಲ. ಅದಕ್ಕೆ ಒಂಚೂರು ಸರಿ..." ಎಂದ ಶಶಿಕುಮಾರ, ಮಾತು ಅರ್ಧಕ್ಕೆ ಬಂದಾಗ ಅವನಿಗೇ ತಿಳಿಯಿತು. ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಬಿಟ್ಟ.

"ತಗ್ಗಿತ್ತು ಅನ್ನಾದು ನಮಗ್ ಗೊತ್ತಿರ್ನಿಲ್ವೇನ್ಲಾ ಬಡ್ಡೈದ್ನೆ," ಎಂದ ದ್ಯಾವಯ್ಯ. ಕಷ್ಟಪಟ್ಟು ನೆಲಕ್ಕೆ ಮಲಗಿ, ಮೊಬೈಲಿನ ಟಾರ್ಚು ಹಾಕಿಸಿಕೊಂಡು ಬೋಲ್ಟನ್ನು ನೋಡಿದ. ಹಳೆಯ ನಟ್ಟು ಎಲ್ಲಿತ್ತು ಎಂಬ ಗುರುತಿದ್ದರೆ ಸಾಕಿತ್ತು. "ಕಟ್ಟಿದ ದಿನಾನೇ ಗ್ರೀಸು ಮೆತ್ತಿ ಮಡ್ಗಿದ್ದೆ ಕಣ, ತುಕ್ಕು ಹಿಡೀದೆ ಇರ್ಲಿ ಅಂತ. ತುಕ್ಕಾದ್ರೂ ಹಿಡ್ದಿದ್ರೆ ಗೀಟು ಕಾಣ್ತಿತ್ತು. ಹೊಸದರಂಗೆ ಅದೆ."

ಶಶಿಕುಮಾರ ತನಗೆ ನೆನಪಿದ್ದಂತೆ ಗುನುಗಿದ. ಅದಲ್ಲ ಎಂದ ದ್ಯಾವಯ್ಯ ತಾನೊಂದು ಗುನುಗಿದ. ಅವನಂತೆ ಬೋಲ್ಟು ತಿರುಗಿಸಿ ನೋಡಿದರು, ಇವನಂತೆ ತಿರುಗಿಸಿ ನೋಡಿದರು. ಕೊನೆಗೆ ಇಬ್ಬರೂ ಪಾಲಾಕ್ಷನ ಮುಖ ನೋಡಿದರು.

"ತಲೆಯಲ್ಲಿ ಕೇಳ್ತಾ ಇದೆ," ಎಂದ. "ಬಾಯಿಗೆ ಬರ್ತಿಲ್ಲ."

ದಿವ್ಯಾ ಮೆಲ್ಲಗೆ ಚೌಕಟ್ಟು ಬಿಟ್ಟು ಬೀದಿಗೆ ಇಳಿದಳು. ಎದುರುಗಡೆ ಹೂವಿನವಳೊಬ್ಬಳು ಮೊಳ ಹಾಕುತ್ತಿದ್ದಳು. ಅವಳ ಪಕ್ಕದ ಕಂಬದ ಬಳಿ, ಅಂಗಡಿಗೆ ಬೆನ್ನು ಮಾಡಿ ನಿಂತಳು. ಶಶಿ ಅಂಕಲ್ ಮೇಲೆ ಕೋಪ ಬರಲಿಲ್ಲ. ಅಷ್ಟು ಚಿಕ್ಕ ಬೋಲ್ಟು, ಇಷ್ಟು ವರ್ಷ ಅಟ್ಟದ ಮೇಲೆ ಒಬ್ಬಂಟಿಯಾಗಿ ಅಮ್ಮನನ್ನು ಹಿಡಿದುಕೊಂಡಿತ್ತಲ್ಲ. ಒಂದು ಲೋಟ ಕಾಫಿ ತರುವಷ್ಟು ಹೊತ್ತು ತಾನು ಅಲ್ಲಿ ನಿಂತಿದ್ದಿದ್ದರೆ. ಕಣ್ಣೀರು ಒರೆಸಿಕೊಂಡರೆ ಹೂವಿನವಳಿಗೆ ಕಾಣುತ್ತದೆಂದು ಹಾಗೇ ಬಿಟ್ಟಳು.

ಒಳಗೆ ಕಾಫಿ ಆರುತ್ತಿತ್ತು. ಪಾಲಾಕ್ಷ ಸ್ಟೂಲಿನಿಂದಲೇ ತಿರುಗಿ ನೋಡಿದ, ಮಗಳು ಕಾಣಲಿಲ್ಲ. ಬಾಗಿಲಿಗೆ ಬಂದು ಕರೆದ, ದಿನವೂ ಕರೆಯುವ ಹಾಗೆ.

ಕಮಲಾಕ್ಷಮ್ಮ ದಾರ ಕಚ್ಚುತ್ತಿದ್ದವರು ಹಲ್ಲಲ್ಲಿ ದಾರ ಹಿಡಿದೇ ನಿಂತರು. "ಯಾರು ಈಗ ಕರ್ದಿದ್ದು?"

"ನಾನೇ. ಕಾಫಿ ಆರ್ತಿತ್ತು."

"ಗಂಗವ್ವ ಇಂಗೇ ಕರೆಯೋರು," ಎಂದರು ಕಮಲಾಕ್ಷಮ್ಮ. "ರವಿಕೆ ಅಳತೆ ಕೊಡಕ್ಕೆ ಬಂದಾಗ ಈ ಕೂಸು ತಪ್ಪು ಹೆಜ್ಜೆ ಹಾಕ್ಕಂಡು ಬೀದಿಗೆ ಓಡ್ಬುಡ್ತಿತ್ತು. ಆವಮ್ಮ ಟೇಪು ಸುತ್ತಿಕೊಂಡೇ ಅಲ್ಲಿ, ನೀವು ನಿಂತಿರೋ ಹೊಸ್ಲಲ್ಲೇ ನಿಂತ್ಕಂಡು ಕರೆಯೋರು. ನಂಗೆ ಒಂದ್ ಗಳಿಗೆ ಜೀವ ಧಸಕ್ ಅಂತು ನೋಡಿ."

ಪಾಲಾಕ್ಷ ಹೊಸ್ತಿಲನ್ನು ನೋಡಿದ, ಆಮೇಲೆ ತನ್ನ ಪಾದಗಳನ್ನು. "ನಾನು ಯಾವಾಗ್ಲೂ ಹಿಂಗೇ ಕರೆಯೋದು," ಎಂದ. "ಸುಮ್ನೆ."

ದ್ಯಾವಯ್ಯ ಆಗಲೇ ಸ್ಟ್ಯಾಂಡಿನ ಕೆಳಗೆ ತಲೆ ತೂರಿಸಿದ್ದ. "ಶಶಿ, ನೀ ತಂತಿ ಮೀಟು, ಪೆಡಲು ಒತ್ತಿ ಹಿಡ್ಕೊ. ಪಾಲಾಕ್ಷಣ್ಣ, ಇನ್ನೊಂದ್ಸಲ ಕರಿ."

ಕರೆ ಕೇಳಿ ದಿವ್ಯಾ ಬೀದಿ ದಾಟುತ್ತಿದ್ದಳು. "ಏ ಕೂಸೇ, ನೀ ಬರ್ಬ್ಯಾಡ," ಎಂದು ದ್ಯಾವಯ್ಯ ಕೆಳಗಿಂದಲೇ ಕೂಗಿದ. "ಅಲ್ಲೇ ನಿಂತ್ಕಂಡಿರು, ಓಗೊಡಬ್ಯಾಡ. ನೀನು ಎದ್ರಿಗೆ ಬಂದ್ರೆ ನಿಮ್ಮಪ್ಪ ಮಾತಾಡಿದಂಗೆ ಕರೀತನೆ. ದೂರ ಇದ್ರೇನೇ ಅದು ಬರಾದು."

ದಿವ್ಯಾ ಮತ್ತೆ ಕಂಬದ ಬಳಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು.

ಪಾಲಾಕ್ಷ ಕರೆದ. ತಂತಿ ಅದರ ಹಿಂದೆ ಹೋಯಿತು, ದಾಟಿತು. ಬೋಲ್ಟು ತಿರುಗಿತು. ಮತ್ತೆ ಕರೆದ. ಈ ಸಲ ತಂತಿ ಕೆಳಗೇ ಉಳಿಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಆಟೋದವನೊಬ್ಬ ಎಂಜಿನ್ ಆರಿಸಿದ. ಯಾರಾದರೂ ತನ್ನನ್ನು ನೋಡಿದರೆ ಸೆರಗಿಲ್ಲದ ಕಡೆಯೂ ಸೆರಗು ಹುಡುಕುವವಳು ದಿವ್ಯಾ. ಇವತ್ತು ಅಲ್ಲಾಡಲಿಲ್ಲ.

"ಯಾಕವ್ವ, ನಿಮ್ಮಪ್ಪ ಅಷ್ಟೊತ್ತಿಂದ ಕೂಗ್ತಾವ್ರೆ, ಕೇಳ್ಸಲ್ವಾ?" ಎಂದಳು ಹೂವಿನವಳು.

"ಕೇಳ್ತಿದೆ," ಎಂದಳು ದಿವ್ಯಾ.

ಈಗ ಅವಳು ನಿಜವಾಗಿ ಕೇಳುತ್ತಿದ್ದಳು. ಇಷ್ಟು ವರ್ಷ ಆ ಕರೆ ಕಿವಿಗೆ ಬಿದ್ದದ್ದು ಬೇಗ ಓಡಿಹೋಗಿ ನಿಲ್ಲಿಸುವುದಕ್ಕೆ ಮಾತ್ರ. ಮೇಲಕ್ಕೆ ಹೋಗಿ ಹೋಗಿ ಮುಟ್ಟುವ ಮುಂಚೆ ಅದು ನಿಂತುಬಿಡುತ್ತದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಮೆಟ್ಟಿಲ ಕೆಳಗಿಂದ, ಶಾಲೆಯ ಗೇಟಿನಿಂದ, ಬಸ್ಸಿನ ಕಿಟಕಿಯ ಹೊರಗಿಂದ. ಎಷ್ಟು ಸಲ ಬೇಡ ಎಂದಿದ್ದಳು.

ಹಿಂದೆ ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದು. "ಬಿಗೀತು," ಎಂದ ದ್ಯಾವಯ್ಯ. ಸ್ಟೂಲು ಎಳೆದುಕೊಂಡದ್ದು ಕೇಳಿಸಿತು, ರಾಡು ತಂತಿಯ ಮೇಲೆ ಕೂತದ್ದು ಕೇಳಿಸಿತು. ಪಾಲಾಕ್ಷ ಕರೆಯಲಿಲ್ಲ. ಮೀಟಿದ.

ಕೆಳಗಿನಿಂದ ಎದ್ದ ಸ್ವರ ಎಳೆದೆಳೆದು ಮೇಲೆ ಬಂತು, ಹತ್ತಿರ ಬಂತು, ಇನ್ನೇನು ಮುಟ್ಟಬೇಕು, ನಿಂತಿತು. ಅದರಲ್ಲಿ ಅಕ್ಷರವಿರಲಿಲ್ಲ, ಅಪ್ಪನ ಗೊಗ್ಗರು ಗಂಟಲೂ ಇರಲಿಲ್ಲ. ಆದರೂ ಅದು ಅವಳ ಹೆಸರೇ. ಯಾರೋ ಹೆಂಗಸು, ಮೈಗೆ ಅಳತೆಯ ಟೇಪು ಸುತ್ತಿಕೊಂಡು, ಹೊಸ್ತಿಲಲ್ಲಿ ನಿಂತು ಕರೆಯುತ್ತಿದ್ದಾಳೆ.

ಹೂವಿನವಳು ಮೊಳ ಹಾಕುವುದನ್ನು ಬಿಟ್ಟು ಅಂಗಡಿಯ ಕಡೆ ನೋಡಿದಳು. ತಂತಿ ಇನ್ನೊಮ್ಮೆ ಕರೆಯಿತು.

'ಬಂದೆ' ಎಂಬ ಮಾತು ದಿವ್ಯಾಳ ನಾಲಗೆಯ ಮೇಲಿತ್ತು. ಓಗೊಟ್ಟರೆ ಕರೆ ನಿಂತುಹೋಗುತ್ತದೆ. ಅವಳು ಕಂಬಕ್ಕೆ ಕೈಯಾನಿಸಿಕೊಂಡು, ಕೇಳದವಳ ಹಾಗೆ, ಹಾಗೇ ನಿಂತಳು.